ವಜಾ ಆದ ಮೇಲೂ ಭಾನುವಾರ ಬರುತ್ತದೆ

1750ರ ಜೂನ್ 22ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ನಾರ್ತಾಂಪ್ಟನ್ ಎಂಬ ಊರಿನ ಚರ್ಚು ತನ್ನ ಪಾದ್ರಿಯನ್ನು ಕೆಲಸದಿಂದ ತೆಗೆದುಹಾಕಿತು. ಜೊನಾಥನ್ ಎಡ್ವರ್ಡ್ಸ್ ಅವರಿಗೆ ಆಗ 46 ವರ್ಷ. ಅದರಲ್ಲಿ 23 ವರ್ಷ ಅದೇ ಊರಿನ ಸೇವೆಯಲ್ಲೇ ಕಳೆದಿತ್ತು. ದೊಡ್ಡ ಸಂಸಾರ, ಕಿರಿಯ ಮಗು ಹುಟ್ಟಿ ಮೂರು ತಿಂಗಳೂ ತುಂಬಿರಲಿಲ್ಲ. ಅಮೆರಿಕದ ಧರ್ಮಚಿಂತನೆಯ ಚರಿತ್ರೆ ಬರೆಯುವವರು ಇಂದಿಗೂ ಎಡ್ವರ್ಡ್ಸರನ್ನು ಬಿಟ್ಟು ಮುಂದಕ್ಕೆ ಹೋಗಲಾರರು. ಆ ಊರಿನವರಿಗೆ ಮಾತ್ರ ಅವರು ಸಾಕಾಗಿದ್ದರು. ಮತ ಹಾಕುವ ಹಕ್ಕಿದ್ದ ಗಂಡಸರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಅವರು ಹೋಗಲಿ ಎಂದರು, ಇರಲಿ ಎಂದವರು ಇಪ್ಪತ್ತು ಚಿಲ್ಲರೆ. ಹೆಂಗಸರನ್ನು ಯಾರೂ ಕೇಳಲಿಲ್ಲ.

ಜಗಳಕ್ಕೆ ಹೇಳಿದ ಕಾರಣ ಒಂದೇ. ಎಡ್ವರ್ಡ್ಸರ ತಾಯಿಯ ತಂದೆ ಸಾಲೊಮನ್ ಸ್ಟಾಡರ್ಡ್ ಅದೇ ಚರ್ಚಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪಾದ್ರಿಯಾಗಿದ್ದವರು. ನಡತೆಗೆಟ್ಟವರನ್ನು ಬಿಟ್ಟು ಉಳಿದವರೆಲ್ಲ ಪ್ರಭುಭೋಜನಕ್ಕೆ ಬರಬಹುದು ಎಂಬುದು ಅವರು ನಡೆಸಿಕೊಂಡು ಬಂದ ಪದ್ಧತಿ. ಮೊಮ್ಮಗ ಅದನ್ನು ಬದಲಿಸಹೊರಟರು: ತನ್ನ ನಂಬಿಕೆಯನ್ನು ಬಾಯಿಬಿಟ್ಟು ಹೇಳಿದವರಿಗೆ ಮಾತ್ರ ರೊಟ್ಟಿ, ದ್ರಾಕ್ಷಾರಸ. 1749ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಊರಿನಲ್ಲಿ ಅದನ್ನು ಓದಿದವರು ಕಡಿಮೆ, ಅದರ ಮೇಲೆ ಸಿಟ್ಟಾದವರು ಹೆಚ್ಚು. ಆದರೆ ಆ ಸಿಟ್ಟಿನ ಅಡಿಯಲ್ಲಿ ಹಳೆಯ ಲೆಕ್ಕಗಳು ಬೇರೆ ಇದ್ದವು. ಸಂಬಳದ ವಿಚಾರಕ್ಕೆ ವರ್ಷ ವರ್ಷವೂ ತಕರಾರು ನಡೆದಿತ್ತು. ಪಾದ್ರಿಯ ಮನೆಯವರು ಎಷ್ಟು ಖರ್ಚು ಮಾಡುತ್ತಾರೆ ಎಂಬುದು ಊರ ಮಾತಾಗಿತ್ತು. 1744ರಲ್ಲಿ ಕೆಲವು ಯುವಕರು ಸೂಲಗಿತ್ತಿಯರ ಪುಸ್ತಕ ಇಟ್ಟುಕೊಂಡು ಹುಡುಗಿಯರನ್ನು ರೇಗಿಸಿದರು ಎಂಬ ದೂರು ಬಂತು. ಎಡ್ವರ್ಡ್ಸರು ವಿಚಾರಣೆಗೆ ಬರಬೇಕಾದವರ ಹೆಸರುಗಳನ್ನು ಚರ್ಚಿನಲ್ಲೇ ಓದಿ ಹೇಳಿದರು. ತಪ್ಪು ಮಾಡಿದವರು ಯಾರು, ಬರೀ ಸಾಕ್ಷಿಗಳು ಯಾರು ಎಂದು ಬೇರೆ ಮಾಡದೆ ಒಂದೇ ಉಸಿರಿನಲ್ಲಿ ಓದಿದರು. ತಮ್ಮ ಮಕ್ಕಳ ಹೆಸರು ಕೇಳಿ ತಲೆ ತಗ್ಗಿಸಿದ ತಂದೆತಾಯಂದಿರು ಆ ದಿನವನ್ನು ಮರೆಯಲಿಲ್ಲ.

ನನ್ನನ್ನು ಹೆಚ್ಚು ತಟ್ಟುವುದು ವಜಾ ಆದ ಮೇಲೆ ನಡೆದ ಸಂಗತಿ. ಜುಲೈ ಮೊದಲನೆಯ ದಿನ ಎಡ್ವರ್ಡ್ಸರು ಬೀಳ್ಕೊಡುಗೆಯ ಪ್ರಸಂಗ ಮಾಡಿದರು. ಕೊರಿಂಥದವರಿಗೆ ಪೌಲ ಬರೆದ ಎರಡನೆಯ ಪತ್ರದ ಮೊದಲ ಅಧ್ಯಾಯವನ್ನು ಆರಿಸಿಕೊಂಡು, ಪಾದ್ರಿಯೂ ಸಭೆಯೂ ಒಂದು ದಿನ ದೇವರ ಮುಂದೆ ಮತ್ತೆ ಎದುರುಬದುರು ನಿಲ್ಲಬೇಕಾಗುತ್ತದೆ ಎಂದು ಹೇಳಿದರು. ಅಲ್ಲಿಗೆ ಮುಗಿಯಲಿಲ್ಲ. ಹೊಸ ಪಾದ್ರಿ ಸಿಕ್ಕಿರಲಿಲ್ಲ; ಭಾನುವಾರ ಮಾತ್ರ ತಪ್ಪದೆ ಬರುತ್ತಿತ್ತು. ಹೀಗಾಗಿ ವಜಾ ಮಾಡಿದವರೇ ಅವರನ್ನು ಕರೆದು, ಈ ವಾರ ಒಂದು ಪ್ರಸಂಗ ಮಾಡಿಕೊಡಿ ಎಂದು ಕೇಳತೊಡಗಿದರು. ಅವರು ಹೋಗಿ ಮಾಡಿದರು. ಕೊನೆಗೆ ನವೆಂಬರಿನಲ್ಲಿ ಊರ ಸಭೆ ಸೇರಿ, ಇನ್ನು ಈ ಮನುಷ್ಯ ಪೀಠ ಹತ್ತುವುದು ಬೇಡ ಎಂದು ತೀರ್ಮಾನಿಸಿತು. ಸ್ಕಾಟ್‌ಲೆಂಡಿನ ಗೆಳೆಯರೊಬ್ಬರಿಗೆ ಎಡ್ವರ್ಡ್ಸರು ಆ ಜುಲೈನಲ್ಲೇ ಕಾಗದ ಬರೆದು, ಓದು ಬರಹ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ತಾನು ಒದಗುವವನಲ್ಲ ಎಂದು ತೋಡಿಕೊಂಡಿದ್ದರು. ಮನೆಯ ಹೆಣ್ಣುಮಕ್ಕಳು ಬೀಸಣಿಗೆಗೆ ಬಣ್ಣ ಬಳಿದು ಬಾಸ್ಟನ್ನಿನ ಪೇಟೆಗೆ ಮಾರಾಟಕ್ಕೆ ಕಳಿಸಿದರು. ಬೀಸಣಿಗೆ ಮಾಡಿ ಉಳಿದ ಕಾಗದದ ಚೂರುಗಳ ಮೇಲೆ ತಂದೆ ತಮ್ಮ ಟಿಪ್ಪಣಿ ಬರೆದುಕೊಂಡರು. ಆ ಚೂರುಗಳಲ್ಲಿ ಕೆಲವು ಇಂದಿಗೂ ಉಳಿದಿವೆ.

ಇಷ್ಟು ಹಿಂದಿನ, ಇಷ್ಟು ದೂರದ ಕಥೆ ಈಗ ಯಾಕೆ ಎಂದು ಕೇಳಬಹುದು. ಚರ್ಚಿನ ಕೆಲಸಗಾರನನ್ನು ತೆಗೆದಾಗ ಏನೇನು ಒಟ್ಟಿಗೆ ಮುರಿಯುತ್ತದೆ ಎಂಬುದು ಇಷ್ಟು ಚೆನ್ನಾಗಿ ದಾಖಲಾಗಿರುವುದು ಅಪರೂಪ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ಕೆಲಸ ಹೋದವನಿಗೆ ಸಂಬಳ ಹೋಗುತ್ತದೆ; ಸಂಜೆ ಹೋಗಿ ಕೂರಲು ಮನೆ, ದುಃಖ ಹೇಳಿಕೊಳ್ಳಲು ಚರ್ಚು ಇರುತ್ತವೆ. ಚರ್ಚಿನ ಉಪದೇಶಿಗೋ, ಆಫೀಸಿನ ಗುಮಾಸ್ತನಿಗೋ, ಆರ್ಗನ್ ನುಡಿಸುವವರಿಗೋ, ಗಂಟೆ ಬಾರಿಸಿ ದೇವಾಲಯ ಗುಡಿಸುವವರಿಗೋ ಹಾಗಲ್ಲ. ವಾಸಕ್ಕೆ ಚರ್ಚ್ ಕಾಂಪೌಂಡಿನ ಕ್ವಾರ್ಟರ್ಸು. ಮಕ್ಕಳಿಗೆ ಮಿಷನ್ ಶಾಲೆಯಲ್ಲಿ ಫೀಸಿನ ರಿಯಾಯಿತಿ. ಹೆಂಡತಿಗೆ ಸ್ತ್ರೀ ಸಮಾಜದ ಗೆಳತಿಯರು. ಅಪ್ಪ ಅಮ್ಮನ ಸಮಾಧಿ ಅದೇ ಸಭೆಯ ಸ್ಮಶಾನದಲ್ಲಿ. ಕಷ್ಟ ಬಂದಾಗ ಮನೆಗೆ ಬಂದು ಪ್ರಾರ್ಥನೆ ಮಾಡಬೇಕಾದ ಅಯ್ಯನವರೇ ವಜಾ ಪತ್ರಕ್ಕೆ ಸಹಿ ಹಾಕಿದವರು. ಯಾರ ಹತ್ತಿರ ಹೋಗಿ ಅಳುವುದು?

ಸಭೆಗೂ ಇದೇ ಗೊಂದಲ. ತೆಗೆದವರೂ ನಮ್ಮವರು, ತೆಗೆಸಿಕೊಂಡವರೂ ನಮ್ಮವರು.

ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ಊರು, ಸಭೆ ಯಾವುದೆಂಬುದು ಬೇಡ. ಆರಾಧನೆ ಮುಗಿಯುವ ಹೊತ್ತಿಗೆ ಕಾರ್ಯದರ್ಶಿಗಳು ಎದ್ದು ಪ್ರಕಟಣೆ ಓದಿದರು. ಎರಡು ಮದುವೆಯ ಪ್ರಕಟಣೆ, ಸುಗ್ಗಿ ಹಬ್ಬದ ಹರಾಜಿಗೆ ಸಾಮಾನು ತಂದುಕೊಡುವ ವಿಷಯ, ಆಮೇಲೆ ಅದೇ ದನಿಯಲ್ಲಿ, ಇಷ್ಟು ವರ್ಷ ಆರ್ಗನ್ ನುಡಿಸಿದವರು ಇನ್ನು ಮುಂದೆ ಸಭೆಯ ಸೇವೆಯಲ್ಲಿ ಇರುವುದಿಲ್ಲ, ಈ ಬಗ್ಗೆ ಯಾರೂ ಚರ್ಚೆ ಮಾಡದೆ ಪ್ರಾರ್ಥನೆಯಲ್ಲಿ ನೆನೆಯಬೇಕು ಎಂಬ ಎರಡು ವಾಕ್ಯ. ಆ ಮನುಷ್ಯನ ಹೆಂಡತಿ ಹೆಂಗಸರ ಸಾಲಿನಲ್ಲಿ ಮೂರನೆಯ ಬೆಂಚಿನಲ್ಲಿ ಕೂತಿದ್ದರು. ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತರು, ಅವರೂ ನಿಂತರು, ಗೀತೆಗಳ ಪುಸ್ತಕ ತೆರೆದು ಹಿಡಿದುಕೊಂಡರು. ಆರ್ಗನ್ ಇಲ್ಲದ ಹಾಡು ಎಲ್ಲೆಲ್ಲೋ ಎಳೆದಾಡಿತು. ಹೊರಗೆ ಬಂದಾಗ ಅವರ ಸುತ್ತ ಒಂದು ಮಾರು ಜಾಗ ಖಾಲಿ ಇತ್ತು. ಯಾರಿಗೂ ಅವರ ಮೇಲೆ ದ್ವೇಷವಿರಲಿಲ್ಲ. ಏನು ಮಾತಾಡಬೇಕೆಂದು ತಿಳಿಯಲಿಲ್ಲ, ಅಷ್ಟೇ. ಚರ್ಚೆ ಮಾಡಬಾರದು ಎಂಬ ಮಾತನ್ನು ಅವರ ಜೊತೆ ಮಾತಾಡಬಾರದು ಎಂದೇ ಸಭೆ ಅರ್ಥಮಾಡಿಕೊಂಡಿತ್ತು.

ಆ ವಾರವಿಡೀ ಊರಿನಲ್ಲಿ ನಾಲ್ಕು ಕಥೆ ಓಡಾಡಿದವು. ಕಾಣಿಕೆಯ ಹಣ ಎಂದರು ಒಬ್ಬರು. ಹೆಣ್ಣಿನ ವಿಷಯ ಎಂದರು ಇನ್ನೊಬ್ಬರು. ನಿಜ ಸಂಗತಿ ಎಂದರೆ ಕಾಯರಿನ ಅಭ್ಯಾಸದ ಹೊತ್ತಿನ ಬಗ್ಗೆ ಕಮಿಟಿಗೂ ಅವರಿಗೂ ಎರಡು ವರ್ಷದಿಂದ ಹೊಂದಾಣಿಕೆ ಇರಲಿಲ್ಲ. ಬೆಳೆದು ಬೆಳೆದು ಅದು ವಜಾ ತನಕ ಹೋಯಿತು. ಈ ಒಂದು ಮಾತನ್ನು ಅಂದೇ ಹೇಳಿದ್ದರೆ ಆ ಮನೆಯ ಮರ್ಯಾದೆ ಉಳಿಯುತ್ತಿತ್ತು. ವಜಾ ವಿಚಾರದಲ್ಲಿ ನಾನು ಗಟ್ಟಿಯಾಗಿ ಹೇಳಬಯಸುವುದು ಇದನ್ನೇ. ಸಭೆಯ ಶಾಂತಿಗಾಗಿ ಎಂದು ಹೇಳಿ ಕಾಪಾಡುವ ಮೌನ ಶಾಂತಿ ತರುವುದಿಲ್ಲ. ಅದರ ಬೆಲೆಯನ್ನು ಕೆಲಸ ಕಳೆದುಕೊಂಡವರ ಹೆಂಡತಿ ಮಕ್ಕಳು ತೆರುತ್ತಾರೆ. ಎಲ್ಲ ವಿವರ ಬೀದಿಗೆ ಬರಬೇಕಾಗಿಲ್ಲ. ಹಣದ ಅವ್ಯವಹಾರ ಅಲ್ಲ, ನಡತೆಯ ದೂರು ಅಲ್ಲ, ಕೆಲಸದ ರೀತಿಯ ಬಗ್ಗೆ ಭಿನ್ನಾಭಿಪ್ರಾಯ ಎಂದು ಹೇಳಲು ಮೂರು ವಾಕ್ಯ ಸಾಕು. ಯಾವ ಕಾರಣ ಹೇಳುತ್ತೇವೆ ಎಂಬುದನ್ನು ಮೊದಲು ಆ ವ್ಯಕ್ತಿಗೆ ತೋರಿಸಿ, ಅವರು ಒಪ್ಪುವ ಮಾತಿನಲ್ಲಿ ಬರೆದು, ಅವರು ಅಲ್ಲಿ ಕೂತಿರಬೇಕೋ ಬೇಡವೋ ಎಂಬುದನ್ನು ಅವರಿಗೇ ಬಿಟ್ಟು ಓದಬೇಕು. ನಾರ್ತಾಂಪ್ಟನ್ನಿನಲ್ಲಿ 1744ರಲ್ಲಿ ಹೆಸರುಗಳ ಪಟ್ಟಿ ಓದಿದ ಪಾದ್ರಿ ವಿವರಿಸದೆ ಬಿಟ್ಟಿದ್ದೂ ಇಂಥ ಒಂದೇ ಒಂದು ವ್ಯತ್ಯಾಸವನ್ನು.

ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಇದಕ್ಕೊಂದು ಕ್ರಮ ಹೇಳಿದ್ದಾನೆ. ಸಹೋದರ ತಪ್ಪು ಮಾಡಿದರೆ ಮೊದಲು ಒಬ್ಬನೇ ಹೋಗಿ ಅವನೊಂದಿಗೆ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಇದನ್ನು ಬಾಯಿಪಾಠವಾಗಿ ಬಲ್ಲ ಕಮಿಟಿಗಳಲ್ಲೂ ಕ್ರಮ ತಲೆಕೆಳಗಾಗುವುದನ್ನು ನೋಡಿದ್ದೇನೆ. ಮೊದಲು ವಾಟ್ಸಾಪ್ ಗುಂಪಿನಲ್ಲಿ ಗುಸುಗುಸು, ಆಮೇಲೆ ಕಮಿಟಿಯ ಠರಾವು, ಎಲ್ಲ ಮುಗಿದ ಮೇಲೆ ಆ ವ್ಯಕ್ತಿಯನ್ನು ವೆಸ್ಟ್ರಿಗೆ ಕರೆಸಿ ಪತ್ರ ಕೈಗೆ ಕೊಡುವುದು. ಎಷ್ಟೋ ಕಡೆ ಅವರಿಗೆ ತಮ್ಮ ಕೆಲಸದಲ್ಲಿ ಕೊರತೆ ಇದೆ ಎಂದು ಮೊದಲ ಸಲ ತಿಳಿಯುವುದೇ ಆ ಪತ್ರದಿಂದ.

ಕಾನೂನು ಇಲ್ಲಿ ಎಷ್ಟು ದೂರ ಬರುತ್ತದೆ? ನಿರೀಕ್ಷಿಸಿದಷ್ಟು ಬರುವುದಿಲ್ಲ. ಅಮೆರಿಕದಲ್ಲಿ ಮಿಶಿಗನ್ ರಾಜ್ಯದ ಒಂದು ಲುಥೆರನ್ ಶಾಲೆಯ ಶಿಕ್ಷಕಿ ಕಾಯಿಲೆ ಬಿದ್ದು ರಜೆ ಹಾಕಿದರು. ಮರಳಿ ಬಂದಾಗ ಕೆಲಸ ಸಿಗಲಿಲ್ಲ. ಕೋರ್ಟಿಗೆ ಹೋಗುತ್ತೇನೆ ಎಂದಾಗ ವಜಾ ಆದರು. ಧರ್ಮಬೋಧನೆಯ ಹೊಣೆ ಯಾರ ಕೈಗೆ ಕೊಡಬೇಕು, ಯಾರಿಂದ ಹಿಂತೆಗೆದುಕೊಳ್ಳಬೇಕು ಎಂಬುದು ಚರ್ಚಿಗೆ ಬಿಟ್ಟದ್ದು, ಅದರಲ್ಲಿ ಸರ್ಕಾರ ಕೈ ಹಾಕುವಂತಿಲ್ಲ ಎಂದು 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು. ನಮ್ಮಲ್ಲಿ ಈ ಪ್ರಶ್ನೆಗೆ ಬೆಂಗಳೂರಿನ ಹೆಸರೇ ಅಂಟಿಕೊಂಡಿದೆ. ಬೆಂಗಳೂರು ನೀರು ಸರಬರಾಜು ಮಂಡಳಿಯ ನೌಕರರ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕಾರ್ಮಿಕ ಕಾನೂನಿನಲ್ಲಿ ಬರುವ ಕೈಗಾರಿಕೆ ಎಂಬುದರ ವ್ಯಾಪ್ತಿಯನ್ನು ಬಹಳ ಹಿಗ್ಗಿಸಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಂತೆ ಆಸ್ಪತ್ರೆ, ಶಾಲೆಗಳು, ದತ್ತಿ ಸಂಸ್ಥೆಗಳು ಕೂಡ ಅದರೊಳಗೆ ಬರಬಹುದಿತ್ತು. ಕೇವಲ ಆಧ್ಯಾತ್ಮಿಕವಾದ ಕಾರ್ಯ ಹೊರಗುಳಿಯಿತು. ಎಂದರೆ ಮಿಷನ್ ಆಸ್ಪತ್ರೆಯ ವಾರ್ಡ್ ಬಾಯ್‌ಗೆ ಕಾರ್ಮಿಕ ನ್ಯಾಯಾಲಯದ ದಾರಿ ಕಂಡಿತು, ಉಪದೇಶಿಗೆ ಕಾಣಲಿಲ್ಲ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಂತೂ ದತ್ತಿ ಮತ್ತು ಸಮಾಜಸೇವೆಯ ಸಂಸ್ಥೆಗಳನ್ನೂ ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಗ್ರಾಚ್ಯುಟಿಗಾಗಿ 1972ರಲ್ಲಿ ಬಂದ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆಗಳಿಗಾಗಿ ಬರೆದದ್ದು. ಗಂಟೆ ಬಾರಿಸುವವರು ಒಬ್ಬರು, ಗುಮಾಸ್ತರು ಒಬ್ಬರು, ಕಾವಲಿನವರು ಒಬ್ಬರು ಇರುವ ಸಣ್ಣ ಸಭೆಯನ್ನು ಅದು ಹಿಡಿಯುತ್ತಲೇ ಇರಲಿಲ್ಲ.

ಹೀಗಿರುವಾಗ ಕಾನೂನು ಕೇಳದಿದ್ದರೂ ಸಭೆ ಕೊಡಬೇಕಾದದ್ದು ಕೊಡಬೇಕು. ಕೊಡದಿದ್ದರೆ ಕೇಳುವವರಿಲ್ಲ ಎಂಬುದೇ ಕೊಡಲು ದೊಡ್ಡ ಕಾರಣ. ಮೂರು ತಿಂಗಳ ಸಂಬಳವಾದರೂ ಕೈಯಲ್ಲಿರಬೇಕು. ಸೇವೆಯ ಒಂದೊಂದು ವರ್ಷಕ್ಕೆ ಅರ್ಧ ತಿಂಗಳ ಸಂಬಳ ಲೆಕ್ಕ ಹಾಕಿ ಕೊಡಬೇಕು. ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಕ್ವಾರ್ಟರ್ಸಿನ ಬೀಗದ ಕೈ ಕೇಳಬಾರದು. ಫೀಸಿನ ರಿಯಾಯಿತಿ ಆ ವರ್ಷಕ್ಕೆ ಮುಂದುವರಿಯಬೇಕು. ಇನ್ನೊಂದು, ಬಹಳ ಸಣ್ಣದು, ಬಹಳ ಸಲ ಮರೆತುಹೋಗುವಂಥದು: ಅನುಭವ ಪತ್ರ. ಇಪ್ಪತ್ತು ವರ್ಷ ಚರ್ಚಿನ ಲೆಕ್ಕ ಬರೆದವರ ಕೈಯಲ್ಲಿ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಇಲ್ಲದಿದ್ದರೆ, ಐವತ್ತರ ವಯಸ್ಸಿನಲ್ಲಿ ಅವರು ಅಂಗಡಿಯೊಂದಕ್ಕೆ ಹೋಗಿ ತಾನು ಯಾರು ಎಂದು ಹೇಗೆ ತೋರಿಸಬೇಕು? ಇದಕ್ಕೆಲ್ಲ ಹಣ ಎಲ್ಲಿ ಎಂದು ಕೇಳುವ ಖಜಾಂಚಿಗಳಿದ್ದಾರೆ. ಹೊಸ ಸೌಂಡ್ ಸಿಸ್ಟಮಿಗೆ ಸಭೆಯಲ್ಲಿ ಹಣ ಎತ್ತಿದ ಹಾಗೆಯೇ ಇದಕ್ಕೂ ಎತ್ತಬಹುದು.

ವಜಾ ಮಾಡಲೇಬೇಕಾದ ಸಂದರ್ಭಗಳೂ ಇವೆ. ಕಾಣಿಕೆಯ ಹಣ ನುಂಗಿದವರು, ಹೆಂಗಸರ ಮೇಲೆ ಕೈ ಮಾಡಿದವರು, ಮಕ್ಕಳನ್ನು ಕೆಡಿಸಿದವರು ಸಭೆಯ ಕೆಲಸದಲ್ಲಿ ಒಂದು ದಿನವೂ ಇರಕೂಡದು. ಅಲ್ಲಿ ಮೌನ ಇನ್ನೂ ಘೋರ. ಬಾಸ್ಟನ್ನಿನ ಕ್ಯಾಥೊಲಿಕ್ ಧರ್ಮಪ್ರಾಂತದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳನ್ನು ಸದ್ದಿಲ್ಲದೆ ಒಂದು ಚರ್ಚಿನಿಂದ ಇನ್ನೊಂದಕ್ಕೆ ಕಳಿಸುತ್ತಿದ್ದುದನ್ನು 2002ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಬಯಲು ಮಾಡಿತು. ಗುಟ್ಟಾಗಿ ಕಳಿಸಿದ ಒಬ್ಬೊಬ್ಬರ ಜೊತೆ ಅಪಾಯವೂ ಹೊಸ ಊರಿಗೆ ಹೋಗಿತ್ತು. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯಂತೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಭಾಪಾಲಕರೂ ಹಿರಿಯರೂ ಇದಕ್ಕೆ ಹೊರತಲ್ಲ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗುವ ಕಿರುಕುಳದ ಬಗ್ಗೆ 2013ರ ಕಾಯ್ದೆ ಇದೆ. ಇಂಥ ವಿಷಯದಲ್ಲಿ ಅವರಿಗೂ ಸಂಸಾರ ಇದೆಯಲ್ಲ ಎಂದು ಕರುಣೆಯ ಮಾತಾಡಿ ಒಳ್ಳೆಯ ನಡತೆಯ ಪತ್ರ ಬರೆದುಕೊಡುವುದು ಮುಂದಿನ ಊರಿನ ಮಗುವಿಗೆ ಮಾಡುವ ದ್ರೋಹ. ಸಂಸಾರಕ್ಕೆ ನೆರವಾಗಲು ಬೇರೆ ದಾರಿಗಳಿವೆ. ಅಪ್ಪ ಮಾಡಿದ್ದಕ್ಕೆ ಸಂಡೇ ಸ್ಕೂಲಿನ ಹುಡುಗಿ ಒಂಟಿಯಾಗಿ ಕೂರಬಾರದು.

ಸಾಮಾನ್ಯ ಸಭಿಕರಿಗೆ, ಕಮಿಟಿಯಲ್ಲಿ ಇಲ್ಲದವರಿಗೆ, ಏನು ಮಾಡಬೇಕೆಂದು ತೋಚದೆ ಕೈ ಹೊಸಕಿಕೊಳ್ಳುವುದೇ ಹೆಚ್ಚು. ಆರ್ಗನ್ ನುಡಿಸುತ್ತಿದ್ದವರ ಮನೆಗೆ ಮರುದಿನ ಸಂಜೆ ನನ್ನ ತಾಯಿ ಹೊರಟಾಗ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅವ್ವ ಒಳಗೆ ಹೋದವಳೇ ಚಾಪೆಯ ಮೇಲೆ ಕೂತು, ಆ ಹೆಣ್ಣುಮಗಳು ಆರಿಸುತ್ತಿದ್ದ ಜೋಳದ ಮೊರಕ್ಕೆ ಕೈ ಹಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, “ನಾಳೆ ಗಿರಣಿಗೆ ಹೋಗೂಮುಂದ ನನ್ನೂ ಕರೀ ತಂಗೀ, ಇಬ್ರೂ ಕೂಡೇ ಹೋಗೂಣು” ಎಂದಳು. ವಜಾ ಮಾತು ಅವಳು ಎತ್ತಲೇ ಇಲ್ಲ. ಅವರೇ ಎತ್ತಿದಾಗ ಮೊರದಿಂದ ಕೈ ತೆಗೆದು ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ, ಕಮಿಟಿಯವರನ್ನು ಬೈಯಲೂ ಇಲ್ಲ. ಮರುದಿನ ಇಬ್ಬರೂ ಹಿಟ್ಟಿನ ಡಬ್ಬಿ ಹೊತ್ತು ಮುಖ್ಯ ರಸ್ತೆಯಲ್ಲೇ ಹೋದರು. ಊರು ನೋಡಿತು. ಅಂಥವರ ಜೊತೆ ಓಡಾಡುವುದರಲ್ಲಿ ತಪ್ಪಿಲ್ಲ ಎಂದು ಹತ್ತು ಮನೆಯವರಿಗೆ ಅದರಿಂದ ಗೊತ್ತಾಯಿತು. ಹೀಗೆ ಹೋಗಿ ಕೂರುವವರು ಒಂದು ಎಚ್ಚರ ಇಟ್ಟುಕೊಂಡರೆ ಒಳ್ಳೆಯದು: ನೊಂದವರ ಸಿಟ್ಟನ್ನು ತಮ್ಮ ಹಳೆಯ ಜಗಳಕ್ಕೆ ಉರುವಲು ಮಾಡಿಕೊಳ್ಳಬಾರದು. ವಜಾ ಆದವರ ಪರವಾಗಿ ಸಹಿ ಸಂಗ್ರಹ, ಬಿಷಪ್ಪರಿಗೆ ಅರ್ಜಿ ಎಂದು ಹೊರಡುವವರಲ್ಲಿ ನಿಜವಾಗಿ ಅನ್ಯಾಯಕ್ಕೆ ನೊಂದವರೂ ಇರುತ್ತಾರೆ, ಮುಂದಿನ ಕಮಿಟಿ ಚುನಾವಣೆಯ ಮೇಲೆ ಕಣ್ಣಿಟ್ಟವರೂ ಇರುತ್ತಾರೆ. ಅರ್ಜಿ ಕೊಡುವ ಮೊದಲು ಆ ಮನೆಯವರನ್ನು ಕೇಳಿದ್ದೀರಾ ಎಂದು ವಿಚಾರಿಸಿದರೆ ಯಾರು ಯಾರೆಂದು ತಿಳಿಯುತ್ತದೆ.

ಕೆಲಸ ಕಳೆದುಕೊಂಡವರಿಗೂ ಎಡ್ವರ್ಡ್ಸರ ನಡೆಯಲ್ಲಿ ನೋಡಬೇಕಾದದ್ದಿದೆ. ಅವರೇನು ದೋಷವಿಲ್ಲದ ಮನುಷ್ಯರಲ್ಲ. ಜನರೊಂದಿಗೆ ಬೆರೆಯದ ಬಿಗುವಿನ ಸ್ವಭಾವ. ಮನೆಯಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದವರು. ಆದರೂ ಊರಿನ ಬೆಂಬಲಿಗರು ನಮಗೆ ಬೇರೆ ಸಭೆ ಕಟ್ಟಿಕೊಡಿ, ಇಲ್ಲೇ ಇರಿ ಎಂದು ಕೇಳಿಕೊಂಡಾಗ ಅವರು ಒಪ್ಪಲಿಲ್ಲ. ಒಪ್ಪಿದ್ದರೆ ಹೊಟ್ಟೆಪಾಡು ನಡೆಯುತ್ತಿತ್ತು, ಊರು ಎರಡು ಹೋಳಾಗುತ್ತಿತ್ತು. 1751ರಲ್ಲಿ ಪಶ್ಚಿಮದ ಗಡಿಯ ಸ್ಟಾಕ್‌ಬ್ರಿಜ್ ಎಂಬ ಸಣ್ಣ ಹಳ್ಳಿಗೆ, ಅಲ್ಲಿನ ಮೂಲನಿವಾಸಿಗಳಾದ ಮೊಹಿಕನ್ ಜನರ ನಡುವಿನ ಮಿಷನ್ ಕೆಲಸಕ್ಕೆ ಹೋದರು. ಅಲ್ಲಿ ಕೂತು ಬರೆದ ಮನುಷ್ಯನ ಸ್ವತಂತ್ರ ಇಚ್ಛೆಯ ಕುರಿತ ಗ್ರಂಥ 1754ರಲ್ಲಿ ಅಚ್ಚಾಯಿತು. ಅವರ ಹೆಸರು ಉಳಿದದ್ದು ಮುಖ್ಯವಾಗಿ ಅಂಥ ಗ್ರಂಥಗಳಿಂದ. ಹಾಗೆಂದು ವಜಾ ಆದದ್ದೇ ಒಳ್ಳೆಯದಾಯಿತು ಎಂದು ನಾನು ಹೇಳುವುದಿಲ್ಲ. ಎಲ್ಲವೂ ದೇವರ ಚಿತ್ತ, ಮುಂದೆ ಒಳ್ಳೆಯದೇ ಆಗುತ್ತದೆ ಎಂಬ ಮಾತನ್ನು ಆ ಮನೆಯ ಬಾಗಿಲಲ್ಲಿ ನಿಂತು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೀಸಣಿಗೆಗೆ ಬಣ್ಣ ಬಳಿದ ಆ ಹೆಣ್ಣುಮಕ್ಕಳಿಗೆ ಮುಂದೆ ಬರಲಿದ್ದ ಗ್ರಂಥದಿಂದ ಆಗ ಏನೂ ಸಿಗಲಿಲ್ಲ.

ವಜಾ ಮಾಡಿಸಿದವರ ಕಥೆಯನ್ನೂ ಹೇಳಬೇಕು. ನಾರ್ತಾಂಪ್ಟನ್ನಿನಲ್ಲಿ ಎಡ್ವರ್ಡ್ಸರ ವಿರುದ್ಧ ಮುಂದಾಗಿ ವಾದಿಸಿದ ಯುವ ವಕೀಲ ಜೋಸೆಫ್ ಹಾಲಿ ಎಡ್ವರ್ಡ್ಸರ ಸ್ವಂತ ಬಂಧು. ಹಾಲಿಯ ತಂದೆ 1735ರಲ್ಲಿ, ಎಡ್ವರ್ಡ್ಸರ ಪ್ರಸಂಗಗಳಿಂದ ಊರಿಗೆ ಊರೇ ಧಾರ್ಮಿಕ ಆವೇಶದಲ್ಲಿದ್ದ ಹೊತ್ತಿನಲ್ಲಿ, ತನ್ನ ಆತ್ಮಕ್ಕೆ ಬಿಡುಗಡೆಯಿಲ್ಲ ಎಂಬ ಖಿನ್ನತೆಗೆ ಬಿದ್ದು ಪ್ರಾಣ ಕಳೆದುಕೊಂಡವರು. ಮಗನ ಸಿಟ್ಟಿನಲ್ಲಿ ಆ ಸಾವಿನ ಪಾಲು ಎಷ್ಟಿತ್ತೋ ಅಳೆಯಲಾಗದು. ವಜಾ ಆದ ನಾಲ್ಕು ವರ್ಷಕ್ಕೆ ಹಾಲಿ ತಪ್ಪೊಪ್ಪಿಕೊಂಡು ಎಡ್ವರ್ಡ್ಸರಿಗೆ ಪತ್ರ ಬರೆದ. 1760ರಲ್ಲಿ ಅದನ್ನೇ ಪತ್ರಿಕೆಯಲ್ಲಿ ಎಲ್ಲರೆದುರು ಹೇಳಿಕೊಂಡ. ಅಷ್ಟರಲ್ಲಿ ಎಡ್ವರ್ಡ್ಸರು ಇರಲಿಲ್ಲ. 1758ರ ಮಾರ್ಚಿನಲ್ಲಿ, ಪ್ರಿನ್ಸ್‌ಟನ್ನಿನ ಕಾಲೇಜಿನ ಅಧ್ಯಕ್ಷರಾಗಿ ಹೋದ ಕೆಲವೇ ವಾರಗಳಲ್ಲಿ, ಸಿಡುಬಿಗೆ ಹಾಕಿಸಿಕೊಂಡ ಚುಚ್ಚುಮದ್ದು ಮೈಗೊಗ್ಗದೆ ತೀರಿಕೊಂಡಿದ್ದರು. ಊರಿನ ಚರ್ಚು ಅವರ ನೆನಪಿಗೆ ಕಂಚಿನ ಫಲಕ ಹಾಕಿದ್ದು 1900ರಲ್ಲಿ, ನೂರೈವತ್ತು ವರ್ಷ ಕಳೆದ ಮೇಲೆ. ಕಮಿಟಿಯಲ್ಲಿ ಕೈ ಎತ್ತಿ ಮತ ಹಾಕಿ ಆಮೇಲೆ ನಿದ್ದೆ ಬಾರದವರು ನಮ್ಮ ನಡುವೆಯೂ ಇದ್ದಾರೆ. ಅವರು ಹಾಲಿಯ ಮೊದಲ ಪತ್ರದ ಹಾದಿ ಹಿಡಿಯಲಿ, ಮನುಷ್ಯ ಬದುಕಿರುವಾಗಲೇ ಹೋಗಿ ಮಾತಾಡಲಿ. ಪೌಲನು ಮಾರ್ಕನನ್ನು ಪ್ರಯಾಣಕ್ಕೆ ಜೊತೆಗೆ ಕರೆದುಕೊಳ್ಳಲು ಒಪ್ಪದೆ ಬಾರ್ನಬನೊಂದಿಗೆ ಜಗಳಾಡಿ ಬೇರೆಯಾದದ್ದು ಅಪೊಸ್ತಲರ ಕೃತ್ಯಗಳಲ್ಲಿ ಇದೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅದೇ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬ ಮಾತೂ ಇದೆ.

ಇನ್ನು ಹೊಸದಾಗಿ ಬರುವವರ ಪಾಡು. ನಾರ್ತಾಂಪ್ಟನ್ನಿಗೆ ಕಾಯಂ ಪಾದ್ರಿ ಸಿಕ್ಕಿದ್ದು 1753ರಲ್ಲಿ. ನಮ್ಮಲ್ಲಿ ಮುಂದಿನ ತಿಂಗಳೇ ಯಾರನ್ನೋ ತಂದು ಕೂರಿಸುವ ಅವಸರ ಹೆಚ್ಚು. ಹಾಗೆ ಬಂದ ಹುಡುಗನೋ ಹುಡುಗಿಯೋ ಆರ್ಗನ್ನಿನ ಮುಂದೆ ಕೂತಾಗ ಅರ್ಧ ಸಭೆ ಹಳಬರ ಜೊತೆ ಹೋಲಿಸುತ್ತದೆ, ಇನ್ನರ್ಧ ಹಳಬರಿಗೆ ಬುದ್ಧಿ ಕಲಿಸಲೆಂದೇ ಹೊಗಳುತ್ತದೆ. ಎರಡೂ ಅವರಿಗೆ ಸಲ್ಲಬೇಕಾದದ್ದಲ್ಲ. ಆರು ತಿಂಗಳು ಆ ಕೆಲಸವನ್ನು ಕಾಯರಿನವರೇ ಸರದಿಯಲ್ಲಿ ಹಂಚಿಕೊಂಡು ನಡೆಸಿ, ಆಮೇಲೆ ಜಾಹೀರಾತು ಕೊಟ್ಟು, ಸಂಬಳ ಇಷ್ಟು, ರಜೆ ಇಷ್ಟು, ತಕರಾರು ಬಂದರೆ ಇಂಥವರ ಹತ್ತಿರ ಮಾತಾಡಬಹುದು, ತೆಗೆಯಬೇಕಾದರೆ ಇಷ್ಟು ತಿಂಗಳು ಮೊದಲು ತಿಳಿಸಬೇಕು ಎಂದು ಎರಡು ಪುಟದ ನೇಮಕ ಪತ್ರ ಬರೆದುಕೊಟ್ಟು ಕರೆತರುವುದು ವಾಸಿ. ನಮ್ಮ ಬಹಳಷ್ಟು ಸಭೆಗಳಲ್ಲಿ ವಜಾ ಪತ್ರ ಇರುತ್ತದೆ, ನೇಮಕ ಪತ್ರ ಇರುವುದಿಲ್ಲ. ಬರುವ ವಾರ್ಷಿಕ ಮಹಾಸಭೆಯಲ್ಲಿ, ಆಯವ್ಯಯ ಓದಿ ಮುಗಿಸಿ ಬೇರೆ ವಿಷಯಗಳಿವೆಯೇ ಎಂದು ಅಧ್ಯಕ್ಷರು ಕೇಳಿದಾಗ, ನಮ್ಮ ಗಂಟೆ ಬಾರಿಸುವವರಿಗೆ ಅಂಥ ಪತ್ರ ಕೊಟ್ಟಿದ್ದೇವೆಯೇ ಎಂದು ಯಾರಾದರೂ ಎದ್ದು ಕೇಳಬಹುದು.